ಸಣ್ಣ ಸುಖ ಸುಳ್ಳಲ್ಲ

ಉಡುಪಿಯ ಕೃಷ್ಣನ ಕೈಯಲ್ಲಿ ಶಂಖವಿಲ್ಲ, ಚಕ್ರವಿಲ್ಲ. ಬಲಗೈಯಲ್ಲಿ ಮೊಸರು ಕಡೆಯುವ ಕಡೆಗೋಲು, ಎಡಗೈಯಲ್ಲಿ ಅದಕ್ಕೆ ಸುತ್ತುವ ಹಗ್ಗ. ಅಡುಗೆಕೋಣೆಯ ಮೂಲೆಯಲ್ಲಿ ಒರಗಿಸಿಡುವ ಸಾಮಾನನ್ನು ಹಿಡಿದು ನಿಂತ ಬಾಲಕನನ್ನು ಹದಿಮೂರನೆಯ ಶತಮಾನದಲ್ಲಿ ಇಲ್ಲಿ ಪ್ರತಿಷ್ಠಾಪಿಸಿದವರು ಮಧ್ವಾಚಾರ್ಯರು. ಅಲ್ಲಿಂದ ಇಲ್ಲಿಯವರೆಗೆ ಎಂಟು ಮಠಗಳ ಯತಿಗಳು ಸರದಿಯ ಮೇಲೆ ಆ ಬಾಲಕನನ್ನು ಮೀಯಿಸುತ್ತಾರೆ, ಅಲಂಕರಿಸುತ್ತಾರೆ, ಅವನಿಗೆ ಉಣಬಡಿಸುತ್ತಾರೆ. ಅಷ್ಟಮಿ ಬಂದರೆ ಚಕ್ಕುಲಿ, ಉಂಡೆ. ಮರುದಿನ ವಿಟ್ಲಪಿಂಡಿಗೆ ಮೊಸರುಕುಡಿಕೆ, ಬೀದಿಯಲ್ಲಿ ಹುಲಿವೇಷ. ಸಂಸಾರವನ್ನು ಬಿಟ್ಟು ಕಾವಿ ತೊಟ್ಟವರಿಗೆ ವಿಧಿಸಲಾದ ಪರಮ ಕರ್ತವ್ಯ ಒಂದು ಮಗುವಿನ ಆರೈಕೆ. ಮಾಯಾವಾದವನ್ನು ಎಳೆಎಳೆಯಾಗಿ ಬಿಡಿಸಿ ಖಂಡಿಸಿದ ಕಠಿಣ ತಾರ್ಕಿಕರೊಬ್ಬರು ಬೆಣ್ಣೆ ಬೇಡುವ ದೇವರನ್ನು ತಮ್ಮ ಸಿದ್ಧಾಂತದ ನಡುಮನೆಯಲ್ಲಿ ಇಟ್ಟದ್ದು ಯೋಚಿಸಬೇಕಾದ ಸಂಗತಿ. ದಿನವೂ ಕೈಗೆ ಸಿಗುವ, ಮನಸ್ಸಿಗೆ ಪ್ರಿಯವಾದ ಚಿಕ್ಕಪುಟ್ಟ ಸುಖಗಳಿಗೆ ಧರ್ಮದಲ್ಲಿ ಜಾಗವಿದೆಯೇ, ಅಥವಾ ಅವು ದೊಡ್ಡ ದಾರಿಯಿಂದ ನಮ್ಮನ್ನು ಬದಿಗೆಳೆಯುವ ಆಮಿಷಗಳೇ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಿದೆ. ಸಣ್ಣ ಸುಖ ಸುಳ್ಳಲ್ಲ, ಕೊನೆಯೂ ಅಲ್ಲ; ಆನಂದದ ಮೆಟ್ಟಿಲುಗಳಲ್ಲಿ ಅದಕ್ಕೆ ಅದರದೇ ಜಾಗವುಂಟು. ಆ ಜಾಗವನ್ನು ಅರಿತು ಅನುಭವಿಸುವುದು ಒಂದು ಧಾರ್ಮಿಕ ಶಿಸ್ತು.

ಇದಕ್ಕೆ ಎದುರಾಗಿ ನಿಲ್ಲುವ ಮಾತು ನಮ್ಮಲ್ಲಿ ಎಷ್ಟು ಬಳಕೆಯಲ್ಲಿದೆ ಎಂದರೆ ಅದನ್ನು ಪ್ರಶ್ನಿಸುವುದನ್ನೇ ಮರೆತಿದ್ದೇವೆ. ನಾಲಿಗೆಯ ರುಚಿ ಕ್ಷಣಿಕ, ಹೂವಿನ ಪರಿಮಳ ಸಂಜೆಯವರೆಗೆ. ನಾಳೆ ಇಲ್ಲವಾಗುವುದನ್ನು ಇಂದು ಇದೆ ಎಂದು ನಂಬುವುದೇ ಅಜ್ಞಾನ ಎಂಬ ಮಾತು ಹರಿಕಥೆಯಿಂದ ಹಿಡಿದು ಸಾವಿನ ಮನೆಯ ಸಾಂತ್ವನದವರೆಗೆ ಕೇಳಿಬರುತ್ತದೆ. ಆದರೆ ಕ್ಷಣಿಕವಾದದ್ದೆಲ್ಲ ಮಿಥ್ಯೆ ಎಂಬ ಜಿಗಿತ ತರ್ಕಕ್ಕೆ ಒಗ್ಗುವುದಿಲ್ಲ. ಮಧ್ವರ ದರ್ಶನ ಇಲ್ಲಿ ಕದಲದೆ ನಿಲ್ಲುತ್ತದೆ: ಜಗತ್ತು ಸತ್ಯ, ಅದರಲ್ಲಿರುವ ಭೇದಗಳು ಸತ್ಯ. ಜೀವ ಬೇರೆ, ಈಶ್ವರ ಬೇರೆ, ಒಂದು ಜೀವಕ್ಕಿಂತ ಇನ್ನೊಂದು ಬೇರೆ, ಒಂದು ಜಡಕ್ಕಿಂತ ಇನ್ನೊಂದು ಬೇರೆ. ಪರಮಾತ್ಮನಿಗೆ ಅಧೀನವಾಗಿರುವುದು ಬೇರೆ ಮಾತು, ಇಲ್ಲದಿರುವುದು ಬೇರೆ ಮಾತು. ಜಗತ್ತು ಅಧೀನ, ಆದರೆ ಇದೆ. ಹಾಗಿದ್ದ ಮೇಲೆ ಅದರಲ್ಲಿ ಉಂಟಾಗುವ ಸುಖವೂ, ಅದು ಉಳಿದಷ್ಟು ಹೊತ್ತು, ಇದೆ. ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದಲ್ಲಿ ಮಧ್ವರು ಮಗುವಾಗಿದ್ದಾಗಿನ, ಪಾಜಕದ ಮನೆಯ ಒಂದು ಪ್ರಸಂಗ ಬರುತ್ತದೆ. ತಾಯಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಹಸಿದು ಅಳುವ ತಮ್ಮನಿಗೆ ಅಕ್ಕ ಬೇಯಿಸಿದ ಹುರುಳಿ ತಿನ್ನಿಸುತ್ತಾಳೆ. ಮಗು ಅದನ್ನು ತಿಂದು ಜೀರ್ಣಿಸಿಕೊಳ್ಳುತ್ತದೆ. ಕವಿ ಹೇಳಹೊರಟದ್ದು ಅವತಾರದ ಮಹಿಮೆ. ಆದರೂ ಆ ಮಹಿಮೆಯನ್ನು ಹೇಳಲು ಒಬ್ಬ ಮಹಾ ದಾರ್ಶನಿಕನ ಜೀವನಚರಿತ್ರೆ ದನಗಳಿಗೆ ಬೇಯಿಸುವ ಹುರುಳಿಯನ್ನು, ಗಾಬರಿಗೊಂಡ ಅಕ್ಕನ ಕೈಯನ್ನು ಬಿಟ್ಟುಕೊಡಲಿಲ್ಲ. ಜಗತ್ತು ಸತ್ಯವೆಂದು ನಂಬಿದವರ ಬರವಣಿಗೆಗೆ ಇಂಥ ವಿವರ ತಾನಾಗಿ ಒದಗುತ್ತದೆ.

ಸುಖ ಸತ್ಯವೆಂದು ಒಪ್ಪಿದ ಮಾತ್ರಕ್ಕೆ ಎಲ್ಲ ಸುಖವೂ ಒಂದೇ ಎಂದಾಗುವುದಿಲ್ಲ. ತೈತ್ತಿರೀಯ ಉಪನಿಷತ್ತಿನ ಆನಂದವಲ್ಲಿ ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತದೆ. ಗಟ್ಟಿಮುಟ್ಟಾದ, ಓದಿದ, ಒಳ್ಳೆಯವನಾದ ಒಬ್ಬ ತರುಣನಿಗೆ ಸಂಪತ್ತು ತುಂಬಿದ ಇಡೀ ಭೂಮಿಯೇ ದೊರೆತರೆ ಅದು ಮನುಷ್ಯಾನಂದದ ಒಂದು ಅಳತೆ. ಅಲ್ಲಿಂದ ಗಂಧರ್ವರು, ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ ಎಂದು ಒಂದೊಂದು ಮೆಟ್ಟಿಲೂ ಹಿಂದಿನದರ ನೂರು ಪಟ್ಟಾಗಿ ಏರುತ್ತ ಬ್ರಹ್ಮಾನಂದದಲ್ಲಿ ನಿಲ್ಲುತ್ತದೆ. ಎರಡನೆಯ ಮೆಟ್ಟಿಲಿನಿಂದ ಮುಂದಕ್ಕೆ ಉಪನಿಷತ್ತು ಒಂದು ಮಾತನ್ನು ಬಿಡದೆ ಸೇರಿಸುತ್ತದೆ: ವೇದವನ್ನರಿತ, ಆಸೆಯ ಪೆಟ್ಟು ತಿನ್ನದವನಿಗೂ ಇದೇ ಆನಂದ. ಏಣಿಯನ್ನು ಕಟ್ಟಿದ ಕೈಯೇ ಆನಂದವನ್ನು ಕುಗ್ಗಿಸುವುದು ಯಾವುದೆಂದೂ ಹೇಳಿಬಿಟ್ಟಿದೆ. ವಸ್ತು ಸಣ್ಣದಾಗಿರುವುದರಿಂದ ಸುಖ ಕುಗ್ಗುವುದಿಲ್ಲ. ಅದನ್ನು ಅನುಭವಿಸುತ್ತಿರುವಾಗಲೇ ಮುಂದಿನದಕ್ಕೆ ಹಪಹಪಿಸುವ ಮನಸ್ಸಿನಿಂದ ಕುಗ್ಗುತ್ತದೆ. ಮಧ್ವಸಿದ್ಧಾಂತ ಈ ತಾರತಮ್ಯವನ್ನು ಮೋಕ್ಷದಲ್ಲೂ ಉಳಿಸಿಕೊಂಡಿತು. ಮುಕ್ತರ ಆನಂದದಲ್ಲಿ ಹೆಚ್ಚುಕಡಿಮೆ ಇದೆ, ಆದರೆ ಅಸೂಯೆ ಇಲ್ಲ. ಚೆಂಬು ತುಂಬಿದರೆ ಚೆಂಬಿಗೆ ಪೂರ್ತಿ, ಕೊಡ ತುಂಬಿದರೆ ಕೊಡಕ್ಕೆ ಪೂರ್ತಿ. ಸಂಸಾರದಲ್ಲಿರುವ ನಮಗೆ ಇದರಲ್ಲೊಂದು ಪಾಠವಿದೆ. ತನ್ನ ಅಳತೆಯ ಸುಖದಲ್ಲಿ ಪೂರ್ತಿಯಾಗಿ ತುಂಬಿಕೊಳ್ಳುವುದನ್ನು ಇಲ್ಲಿ ಕಲಿಯದವನು, ದೊಡ್ಡ ಆನಂದ ಎದುರಿಗೆ ಬಂದಾಗ ಅದನ್ನು ತುಂಬಿಕೊಳ್ಳುವುದಾದರೂ ಹೇಗೆ?

ಈ ತುಂಬಿಕೊಳ್ಳುವಿಕೆ ಹೇಗಿರುತ್ತದೆ ಎಂಬುದಕ್ಕೆ ಕಾಪು ತಾಲೂಕಿನ ಎರಡು ಬೆಳೆಗಳೇ ಸಾಕ್ಷಿ. ಕಟಪಾಡಿಯ ಬಳಿ, ಹೊಳೆಗೂ ಕಡಲಿಗೂ ನಡುವಿನ ಮಟ್ಟು ಗ್ರಾಮದಲ್ಲಿ ಮಳೆಗಾಲದ ಭತ್ತ ಮುಗಿದ ಗದ್ದೆಯಲ್ಲಿ ಗುಳ್ಳ ಎಂಬ ಬದನೆ ಬೆಳೆಯುತ್ತಾರೆ. ಎಂಟು ಮಠಗಳ ಪೂಜೆಯ ಸರದಿಯಾದ ಪರ್ಯಾಯವನ್ನು ಎರಡು ತಿಂಗಳಿನಿಂದ ಎರಡು ವರ್ಷಕ್ಕೆ ಏರಿಸಿದ ಸೋದೆಯ ವಾದಿರಾಜರೇ ಇದರ ಬೀಜ ಕೊಟ್ಟರೆಂಬುದು ಊರಿನ ನಂಬಿಕೆ; 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಗುಂಡಗೆ, ತೆಳು ಹಸಿರು ಮೈಮೇಲೆ ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು, ಬೆಂದರೆ ಬೆಣ್ಣೆಯಾಗುವ ತೆಳು ಸಿಪ್ಪೆ. ಇದರ ಕೊದ್ದೆಲ್ ಎಂಬ ಸಾಂಬಾರು ಉಂಡವರು ಬೇರೆ ಬದನೆಗೆ ಸುಲಭದಲ್ಲಿ ಒಪ್ಪುವುದಿಲ್ಲ. ಇದೇ ಗುಳ್ಳ ಪರ್ಯಾಯ ಕಾಲದಲ್ಲಿ ಹೊರೆಕಾಣಿಕೆಯಾಗಿ ಮಠದ ಉಗ್ರಾಣ ಸೇರುತ್ತದೆ. ಅಲ್ಲೇ ಹತ್ತಿರದ ಶಂಕರಪುರದಲ್ಲಿ ಮಲ್ಲಿಗೆ. ಬೆಳಗಿನ ಜಾವ ಮೊಗ್ಗು ಕೊಯ್ದು, ನೆನೆಸಿ ಹದಮಾಡಿದ ಬಾಳೆನಾರಿಗೆ ಒಂದೊಂದೇ ಹಿಡಿ ಮೊಗ್ಗನ್ನು ತೊಟ್ಟು ಒಳಗೆ, ಮೂತಿ ಹೊರಗೆ ಬರುವಂತೆ ಜೋಡಿಸಿ ಕಟ್ಟಬೇಕು. ನಾರು ಬಿಗಿಯಾದರೆ ತೊಟ್ಟು ತುಂಡು, ಸಡಿಲವಾದರೆ ಚೆಂಡು ಉದುರುತ್ತದೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಟ್ಟೆಗೆ ದಿನಕ್ಕೊಂದು ದರ. ಇಲ್ಲಿ ಕ್ರೈಸ್ತರ ಅಂಗಳದಲ್ಲಿ ಅರಳಿದ ಹೂವು ದೇವಸ್ಥಾನಕ್ಕೂ ದೈವಸ್ಥಾನಕ್ಕೂ ಮದುವೆಯ ಮುಡಿಗೂ ಹೋಗುತ್ತದೆ. ಈ ಹೂವು ಮರುದಿನಕ್ಕೆ ಬಾಡುತ್ತದೆಂದು ಕಟ್ಟುವವರಿಗೆ ಗೊತ್ತು, ಮುಡಿಯುವವರಿಗೂ ಗೊತ್ತು. ಗೊತ್ತಿದ್ದರೂ ಬೆರಳು ಒಂದೇ ಒಂದು ಮೊಗ್ಗನ್ನೂ ಅಡ್ಡಾದಿಡ್ಡಿ ಇಡುವುದಿಲ್ಲ. ಕ್ಷಣಿಕವಾದದ್ದರ ಬಗ್ಗೆ ಇಷ್ಟು ಗಮನವಿಡುವುದನ್ನು ಮೋಹವೆಂದು ಕರೆಯಲಾಗದು. ಇರುವಷ್ಟು ಹೊತ್ತು ಅದು ಇದೆ ಎಂಬುದಕ್ಕೆ ಸಲ್ಲಿಸುವ ಗೌರವ ಅದು.

ಗಮನ ತಾನಾಗಿ ಉಳಿಯುವುದಿಲ್ಲ, ಅದಕ್ಕೆ ಮಿತಿ ಬೇಕು. ಮಾಧ್ವ ಮನೆಗಳ ಚಾತುರ್ಮಾಸ್ಯವನ್ನು ನೋಡಿ: ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಹೊರಗಿನವರಿಗೆ ಇದು ದೇಹದಂಡನೆಯಾಗಿ ಕಾಣಬಹುದು. ಆದರೆ ನಾಲ್ಕು ತಿಂಗಳಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಡುವುದಿಲ್ಲ. ಒಂದನ್ನು ಬಿಟ್ಟಾಗ ಉಳಿದವುಗಳಿಂದಲೇ ಎಲೆ ತುಂಬಿಸುವ ಜಾಣ್ಮೆಯನ್ನು ಅಡುಗೆಮನೆ ಕಲಿಯುತ್ತದೆ. ಬಿಟ್ಟದ್ದು ತಿಂಗಳ ಬಳಿಕ ಎಲೆಗೆ ಮರಳಿದಾಗ ಬರಿಯ ಮೊಸರನ್ನವೂ ಹಬ್ಬದೂಟ. ಉಡುಪಿಯ ಅಡುಗೆ ಊರೂರಿನ ಹೋಟೆಲುಗಳ ಮೂಲಕ ಹೆಸರಾದದ್ದಕ್ಕೆ ಕಾರಣಗಳು ಹಲವು. ಇರುವಷ್ಟರಲ್ಲೇ ರುಚಿ ಹೊರಡಿಸುವ ಈ ಅಭ್ಯಾಸವೂ ಅವುಗಳಲ್ಲೊಂದು ಎಂದು ನಾನು ನಂಬುತ್ತೇನೆ. ಸುಖವನ್ನು ದ್ವೇಷಿಸುವವನಿಗೆ ಇಂಥ ವ್ರತ ಅನಗತ್ಯ, ಸುಖದಲ್ಲಿ ಮುಳುಗಿದವನಿಗೆ ಅಸಾಧ್ಯ. ಸುಖದ ಬೆಲೆ ಬಲ್ಲವರು ಮಾತ್ರ ಅದನ್ನು ಸರದಿಯಂತೆ ಬಿಟ್ಟು ಮತ್ತೆ ಪಡೆಯುವ ಕ್ರಮವನ್ನು ಕಟ್ಟಬಲ್ಲರು.

ಇಲ್ಲಿ ಕಾರ್ಕಳದ ಬೆಟ್ಟದ ಮೇಲಿನಿಂದ ಒಂದು ಗಂಭೀರ ಆಕ್ಷೇಪ ಬರುತ್ತದೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಬಾಹುಬಲಿ, ಗೆದ್ದ ರಾಜ್ಯವನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ನಿಂತವನು. ಅವನ ಮುಂದೆ ಗುಳ್ಳದ ರುಚಿಯನ್ನು, ಮಲ್ಲಿಗೆಯ ಪರಿಮಳವನ್ನು ಹೊಗಳುವುದು ಅಲ್ಪತನವಲ್ಲವೇ? ಆಕ್ಷೇಪಕ್ಕೆ ತೂಕವಿದೆ, ಪೂರ್ಣ ತ್ಯಾಗದ ದಾರಿ ದೊಡ್ಡದು, ಅದರ ಮುಂದೆ ನಮ್ಮ ಸುಖಗಳು ಸಣ್ಣವೇ. ಆದರೆ ಜೈನಧರ್ಮ ಗೃಹಸ್ಥರಿಗೆ ಹೇಳಿದ್ದು ಪೂರ್ಣ ತ್ಯಾಗವನ್ನಲ್ಲ. ಅವರಿಗಿರುವುದು ಅಣುವ್ರತ, ಜೊತೆಗೆ ಭೋಗೋಪಭೋಗ ಪರಿಮಾಣ. ಒಮ್ಮೆ ಬಳಸಿದರೆ ಮುಗಿಯುವ ಅನ್ನ, ಹೂವು, ಗಂಧ. ಮತ್ತೆ ಮತ್ತೆ ಬಳಸುವ ಬಟ್ಟೆ, ಒಡವೆ, ಹಾಸಿಗೆ. ಇವೆರಡಕ್ಕೂ ತಾನೇ ಒಂದು ಅಳತೆ ಹಾಕಿಕೊಂಡು ಅದರೊಳಗೆ ಬದುಕುವುದು. ಅಳತೆ ಹಾಕಬೇಕಾದರೆ ಪ್ರತಿಯೊಂದನ್ನೂ ಕಣ್ಣಿಟ್ಟು ನೋಡಲೇಬೇಕು, ಇದು ನನಗೆ ಬೇಕೇ ಎಂದು ಕೇಳಲೇಬೇಕು. ಕಣ್ಣುಮುಚ್ಚಿ ಅನುಭವಿಸುವವನಿಗಿಂತ ಹೀಗೆ ಎಣಿಸಿ ಪಡೆಯುವವನಿಗೆ ವಸ್ತುವಿನ ಪರಿಚಯ ಹೆಚ್ಚು. ಆ ವಿಗ್ರಹವನ್ನೇ ನೋಡಿದರೂ ಇದು ಕಾಣುತ್ತದೆ. ಎಲ್ಲವನ್ನೂ ಬಿಟ್ಟವನ ಮೈಮೇಲೆ ಶಿಲ್ಪಿ ಬಳ್ಳಿಯನ್ನು ಬಿಡಲಿಲ್ಲ, ಕಲ್ಲಿನಲ್ಲೇ ಹಬ್ಬಿಸಿದ. ಹನ್ನೆರಡು ವರ್ಷಗಳಿಗೊಮ್ಮೆ ಬರುವ ಮಹಾಮಸ್ತಕಾಭಿಷೇಕದಲ್ಲಿ, ಕೊನೆಯದಾಗಿ 2015ರಲ್ಲಿ, ಆ ವಿರಾಗಿಯ ತಲೆಯ ಮೇಲಿನಿಂದ ಇಳಿದದ್ದು ಎಳನೀರು, ಕಬ್ಬಿನ ಹಾಲು, ಹಾಲು, ಅಕ್ಕಿಹಿಟ್ಟು, ಅರಿಸಿನ, ಗಂಧ. ಸಂಸಾರಿಗಳು ತಮಗೆ ಪ್ರಿಯವಾದದ್ದನ್ನೇ ತಂದು ಬಿಟ್ಟವನಿಗೆ ಎರೆಯುತ್ತಾರೆ. ಪ್ರಿಯವಾದದ್ದು ಏನೂ ಇಲ್ಲದವನು ಅರ್ಪಿಸುವುದಾದರೂ ಏನನ್ನು?

ಎರಡನೆಯ ಆಕ್ಷೇಪ ಇನ್ನೂ ಹರಿತ. ಸಣ್ಣ ಸುಖಗಳ ಮಾತು ಹೊಟ್ಟೆ ತುಂಬಿದವರಿಗೆ ಸರಿ, ಬಡವನಿಗೆ ಇದ್ದುದರಲ್ಲಿ ಸುಖಪಡು ಎನ್ನುವುದು ಅವನ ಬಾಯಿ ಮುಚ್ಚಿಸುವ ಉಪಾಯ ಎಂಬುದು. ಆದರೆ ತುಳುನಾಡಿನಲ್ಲಿ ಈ ಸುಖಗಳ ತಿಳಿವಳಿಕೆ ಹುಟ್ಟಿದ್ದು ಸಮೃದ್ಧಿಯಲ್ಲಲ್ಲ, ಮಳೆಗಾಲದ ಆಟಿ ತಿಂಗಳಿನಲ್ಲಿ. ಜಡಿಮಳೆ, ಮುಗಿದ ಕಣಜ, ಕೆಲಸವಿಲ್ಲದ ಕೈ, ರೋಗದ ಭಯ. ಆಟಿ ಅಮಾವಾಸ್ಯೆಯ ಮುಂಜಾನೆ, ಬೆಳಕು ಹರಿಯುವ ಮೊದಲೇ ಹೋಗಿ ಹಾಲೆ ಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತರುತ್ತಾರೆ. ಅದರ ಕಹಿ ಕಷಾಯವನ್ನು ಮನೆಮಂದಿಯೆಲ್ಲ ಕುಡಿದ ಮೇಲೆ ಮೆಂತೆಯ ಗಂಜಿ. ಬೇಲಿಬದಿಯ ಕೆಸುವಿನೆಲೆ ಪತ್ರೊಡೆಯಾಗುತ್ತದೆ, ಮಳೆಗೆ ತಾನಾಗಿ ಚಿಗುರಿದ ತಗಟೆ ಸೊಪ್ಪು ಪಲ್ಯವಾಗುತ್ತದೆ. ಆಟಿ ಕಳೆಂಜ ಮನೆಬಾಗಿಲಿಗೆ ಬಂದು ಕುಣಿದು ಮಾರಿ ಕಳೆಯುತ್ತಾನೆ. ಇಲ್ಲದ ಕಾಲದಲ್ಲಿ ಇರುವುದನ್ನು ಹುಡುಕಿ, ಹದಮಾಡಿ, ಸವಿಯಾಗಿಸಿದ್ದು ಬಡವರೇ. ಅದು ಯಾರೋ ಅವರಿಗೆ ಉಪದೇಶಿಸಿದ ತೃಪ್ತಿಯಲ್ಲ, ಅವರು ಬರಗಾಲದ ಕೈಯಿಂದ ಕಿತ್ತುಕೊಂಡ ಸುಖ.

ಬರವಣಿಗೆಯಲ್ಲಿ ಇದಕ್ಕೆ ಹೆಸರಾದ ನಿದರ್ಶನ ಮುದ್ದಣ. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ಬಡತನದಲ್ಲಿ ಬದುಕಿ, ಕ್ಷಯರೋಗದಿಂದ 1901ರಲ್ಲಿ ತೀರಿಕೊಂಡರು. ತಮ್ಮ ಬರಹವನ್ನು ಸ್ವಂತದ್ದೆಂದು ಹೇಳಿಕೊಳ್ಳಲೂ ಹಿಂಜರಿದು ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿಗೆ ಕಳಿಸಿದವರು ಅವರು. ಅಂಥವರು ‘ಶ್ರೀರಾಮಾಶ್ವಮೇಧ’ ಬರೆದಾಗ ಅಶ್ವಮೇಧದ ಮಹಾಕಥೆಗೆ ಹಾಕಿದ ಚೌಕಟ್ಟು ಮಳೆಗಾಲದ ಒಂದು ಮನೆ, ಒಬ್ಬ ಗಂಡ, ಒಬ್ಬ ಹೆಂಡತಿ, ಅವರಿಬ್ಬರ ಕೀಟಲೆಯ ಮಾತು. ಹೊತ್ತು ಹೋಗಲೊಂದು ಕಥೆ ಬೇಕೆಂದು ಹೆಂಡತಿ ಮನೋರಮೆ ಕೇಳುತ್ತಾಳೆ. ನಡುನಡುವೆ ತಡೆದು ಪ್ರಶ್ನಿಸುತ್ತಾಳೆ, ಒಪ್ಪುವುದಿಲ್ಲ, ಹಾಸ್ಯ ಮಾಡುತ್ತಾಳೆ. ಒಂದು ಶತಮಾನ ಕಳೆದ ಮೇಲೆ ಓದುಗರು ಹೆಚ್ಚಾಗಿ ನೆನೆಯುವುದು ಯಾಗದ ಕುದುರೆಯನ್ನಲ್ಲ, ಈ ಸಲ್ಲಾಪವನ್ನು. ಬಡತನ ಸುಖವನ್ನು ಕಸಿಯುತ್ತದೆ ಎಂಬುದು ನಿಜ, ಮುದ್ದಣನ ಆಯುಸ್ಸನ್ನೂ ಅದು ಕಸಿಯಿತು. ಆದರೆ ಸುಖದ ಅರ್ಹತೆಯನ್ನು ಕಸಿಯಲಾರದು. ಸಣ್ಣ ಸುಖ ಉಳ್ಳವರ ಸೊತ್ತು ಎನ್ನುವವರು ಬಡವರಿಂದ ಅವರ ಕೊನೆಯ ಗಳಿಕೆಯನ್ನೂ ತಮಗೆ ತಿಳಿಯದೆ ಕಸಿದುಕೊಳ್ಳುತ್ತಾರೆ.

ಇಷ್ಟಾದರೂ ಆಕ್ಷೇಪದ ಒಂದು ಭಾಗ ಉತ್ತರವಿಲ್ಲದೆ ಉಳಿಯುತ್ತದೆ, ಅದನ್ನು ಮರೆಮಾಚಬಾರದು. ಇದೇ ತುಳುನಾಡಿನಲ್ಲಿ ಅಜಲು ಪದ್ಧತಿಯ ಹೆಸರಿನಲ್ಲಿ ಕೊರಗ ಸಮುದಾಯದವರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸಲಾಗಿದೆ. ಅದನ್ನು ನಿಲ್ಲಿಸಲು 2000ದಲ್ಲಿ ಕರ್ನಾಟಕ ಒಂದು ಕಾಯ್ದೆಯನ್ನೇ ತರಬೇಕಾಯಿತು. ಊಟವೆಂಬ ಅತ್ಯಂತ ಸಹಜ ಸುಖವನ್ನು ಅವಮಾನದ ಸಾಧನವಾಗಿ ಮಾಡಿದ ಚರಿತ್ರೆ ನಮ್ಮದು. ಹೊರಗೆ ನಿಲ್ಲಿಸಲ್ಪಟ್ಟ ಕನಕದಾಸರ ಕಥೆ ಇದೇ ರಥಬೀದಿಯದು. ಪಂಕ್ತಿಭೇದದ ವಿರುದ್ಧ ಹೋರಾಟ ನಡೆದದ್ದೂ ಇಲ್ಲಿಯೇ. ತಾರತಮ್ಯದ ಸಿದ್ಧಾಂತವೇ ಇಂಥ ಮೇಲುಕೀಳಿಗೆ ನೆಪವಾಗುವುದಿಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ: ಆಗಿದೆ, ಆಗಬಾರದಾಗಿತ್ತು. ಜೀವರಲ್ಲಿ ಕೆಲವರ ಸ್ವಭಾವವೇ ದುಃಖಕ್ಕೆ ತಕ್ಕದ್ದೆನ್ನುವ ಮಾತು ಆ ಸಿದ್ಧಾಂತದಲ್ಲಿದೆ, ಅದನ್ನು ಒಪ್ಪುವುದು ನನಗೆ ಸಾಧ್ಯವಿಲ್ಲ. ಆದರೆ ಆನಂದದ ಮೆಟ್ಟಿಲುಗಳು ಹುಟ್ಟಿನ ಮೆಟ್ಟಿಲುಗಳಲ್ಲ, ಉಪನಿಷತ್ತಿನ ಲೆಕ್ಕದಲ್ಲಿ ಮೇಲಕ್ಕೆ ಒಯ್ಯುವುದು ಜ್ಞಾನ ಮತ್ತು ಆಸೆಯ ಪೆಟ್ಟಿಗೆ ಸಿಕ್ಕದ ಮನಸ್ಸು. ಮುಕ್ತರಲ್ಲಿ ಅಸೂಯೆ ಇಲ್ಲವೆಂಬುದು ನಿಜವಾದರೆ, ಅಲ್ಲಿ ತಿರಸ್ಕಾರವೂ ಇರಲಾರದು. ಪಕ್ಕದವನನ್ನು ಪಂಕ್ತಿಯಿಂದ ಎಬ್ಬಿಸಿ ಉಣ್ಣುವ ಊಟದಲ್ಲಿ ರುಚಿ ಇರಬಹುದು, ಆನಂದದ ಏಣಿಯಲ್ಲಿ ಅದಕ್ಕೆ ಮೆಟ್ಟಿಲಿಲ್ಲ.

ಇನ್ನೊಂದು ಆಕ್ಷೇಪ ನಮ್ಮ ಕಾಲದ್ದು, ಮಣಿಪಾಲದಂಥ ಊರಿನಲ್ಲಿ ಕಣ್ಣಿಗೆ ರಾಚುವಂಥದ್ದು. ಸಣ್ಣ ಸುಖಗಳನ್ನು ಇಂದು ಮಾರುಕಟ್ಟೆಯೇ ಹೊಗಳುತ್ತದೆ. ಕಾಫಿಯ ಕಪ್ಪಿನಿಂದ ಸೂರ್ಯಾಸ್ತದವರೆಗೆ ಎಲ್ಲಕ್ಕೂ ಒಂದು ಬೆಲೆ, ಒಂದು ಫೋಟೊ. ಎಂಡ್ ಪಾಯಿಂಟಿನಲ್ಲಿ ಕೆಳಗೆ ಸ್ವರ್ಣಾ ನದಿ ಹರಿಯುತ್ತಿರುತ್ತದೆ, ಮೇಲೆ ನಿಂತವರು ಫೋನಿನ ಪರದೆಯಲ್ಲಿ ಅದನ್ನು ಹಂಚಿ, ಎಷ್ಟು ಮಂದಿ ಮೆಚ್ಚಿದರೆಂದು ಕಾಯುತ್ತಿರುತ್ತಾರೆ. ಇದರಿಂದ ಸುಖವೇ ಕೆಟ್ಟದ್ದೆಂದು ಸಾಬೀತಾಗುವುದಿಲ್ಲ. ಆಸೆಯ ಪೆಟ್ಟು ಹೇಗಿರುತ್ತದೆಂಬುದು ಕಣ್ಣಿಗೆ ಕಟ್ಟುತ್ತದೆ, ಅಷ್ಟೇ. ಅದೇ ಮಣಿಪಾಲದಲ್ಲಿ ಪ್ರಿಯವಸ್ತುವನ್ನು ಪ್ರೀತಿಸುವ ಇನ್ನೊಂದು ಬಗೆಗೂ ಸಾಕ್ಷಿ ಇದೆ. ಬ್ಯಾಂಕಿನ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಹಳೆಯ ಮನೆಗಳು ಕೆಡವಲ್ಪಡುವಾಗ ಕಂಬ, ಬಾಗಿಲು, ದೀಪ, ಪಾತ್ರೆಗಳನ್ನು ಉಳಿಸುತ್ತ ಹೋದರು. ಕೊನೆಗೆ ಇಡಿಯ ಮನೆಗಳನ್ನೇ ಬಿಚ್ಚಿ ತಂದು ಮರುಜೋಡಿಸಿದರು. ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಈಗ ಎಲ್ಲರ ಆಸ್ತಿ. ದಿನಬಳಕೆಯ ಒಂದು ಬಾಗಿಲನ್ನು ಚೆಂದವೆಂದು ಕಂಡ ಕಣ್ಣು ಅಲ್ಲಿಗೇ ತೃಪ್ತಿಪಟ್ಟು ಸುಮ್ಮನಾಗಲಿಲ್ಲ, ಆ ಚೆಂದಕ್ಕೆ ತಾನು ಹೊಣೆಯೆಂದು ತಿಳಿಯಿತು. ಕೊಂಡು ಮುಗಿಸುವ ಸುಖಕ್ಕೂ ಕಾಪಾಡಿ ದಾಟಿಸುವ ಸುಖಕ್ಕೂ ಇರುವ ಅಂತರ ಇದು.

ಸಾವಿನ ಮುಂದೆ, ಮಹಾರೋಗದ ಮುಂದೆ ಈ ಸಣ್ಣ ಸುಖಗಳು ಸಾಲುತ್ತವೆಯೇ ಎಂದರೆ ಸಾಲುವುದಿಲ್ಲ. ಸಾಲುತ್ತವೆ ಎಂದು ಹೇಳುವುದು ಸಣ್ಣದನ್ನು ದೊಡ್ಡದರ ಪೀಠದಲ್ಲಿ ಕೂರಿಸುವ ತಪ್ಪು, ಅಲ್ಲಿಗೆ ತಾರತಮ್ಯದ ಅರಿವೇ ಕೆಡುತ್ತದೆ. ಅವು ಮಾಡುವ ಕೆಲಸ ಬೇರೆ. ಜೀವದ ಸ್ವರೂಪದಲ್ಲೇ ಆನಂದವಿದೆ, ಅದು ಮುಸುಕಿನಲ್ಲಿದೆ ಎಂದು ಆಚಾರ್ಯರು ಹೇಳುತ್ತಾರೆ. ಆ ಮಾತನ್ನು ಬರಿಯ ಶಾಸ್ತ್ರವೆಂದು ನಂಬುವುದಕ್ಕೂ ಒಳಗಿನಿಂದ ಒಪ್ಪುವುದಕ್ಕೂ ಅಂತರವಿದೆ. ಕೊದ್ದೆಲಿನ ಒಂದು ತುತ್ತು, ಮಳೆಯ ಹೊತ್ತಿನ ಒಂದು ಮಾತು ನಮ್ಮಲ್ಲಿ ಹರುಷ ಎಬ್ಬಿಸಬಲ್ಲವು ಎಂಬುದೇ, ಎಬ್ಬಿಸಬಹುದಾದದ್ದು ಒಳಗೆ ಇದೆ ಎಂಬುದಕ್ಕೆ ದಿನವೂ ಸಿಗುವ ಸಾಕ್ಷ್ಯ. ಈ ಸಾಕ್ಷ್ಯವನ್ನು ಅಲ್ಪವೆಂದು ತಳ್ಳಿದವರಿಗೆ ದೊಡ್ಡ ಆನಂದದ ಮಾತು ಕೇಳಿದ ಸುದ್ದಿಯಾಗಿಯೇ ಉಳಿಯುತ್ತದೆ.

ಆದ್ದರಿಂದ ಪ್ರಿಯವಾದದ್ದನ್ನು ನಾಚಿಕೆಯಿಲ್ಲದೆ ಪ್ರಿಯವೆನ್ನೋಣ, ಆದರೆ ಅಲ್ಲಿಗೆ ನಿಲ್ಲದಿರೋಣ. ಇದು ಯಾರ ಕೈಯ ಕೆಲಸ, ಇದಕ್ಕೆ ನನ್ನ ಅಳತೆ ಎಷ್ಟು, ಇದು ಯಾರ ಎಲೆಗೆ ಇನ್ನೂ ತಲುಪಿಲ್ಲ ಎಂದು ಕೇಳಿಕೊಳ್ಳದ ಸುಖ ಅರ್ಧ ಸುಖ. ಈ ಮೂರನ್ನೂ ಕೇಳಿಕೊಂಡವನ ಊಟ ಪೂಜೆಗೆ ಹತ್ತಿರವಾಗುತ್ತದೆ. ಕೇಳಿಕೊಳ್ಳದವನ ಪೂಜೆಯೂ ಭೋಗವಾಗುತ್ತದೆ. ಕಡೆಗೋಲು ಹಿಡಿದ ದೇವರನ್ನು ಏಳು ಶತಮಾನ ಕೈಮುಗಿದು ನೋಡಿದ ಊರು ಲೋಕಕ್ಕೆ ಹೇಳಬಹುದಾದ ಮಾತು ಇದು. ಹೇಳುವ ಮೊದಲು ಆ ಊರು ತನ್ನ ಪಂಕ್ತಿಯನ್ನು ಎಲ್ಲರಿಗೂ ತೆರೆದಿರಬೇಕು.